ಹಳೇ ಕಾರಿಗೆ ದೊಡ್ಡ ಬ್ರೇಕು, ಎತ್ತರದ ಸ್ಪ್ರಿಂಗು: ಮನೆಯಲ್ಲೇ ಹಾಕಿಕೊಳ್ಳಬಹುದೇ? ಫಾರ್ವರ್ಡ್‌ಗಳು ಹೇಳದೆ ಬಿಟ್ಟ ಸಂಗತಿಗಳು

ಬಸವನಗುಡಿಯ ಓದುಗರೊಬ್ಬರು ನಮಗೊಂದು ವಿಡಿಯೊ ಕಳಿಸಿ, "ಇದರಲ್ಲಿ ಹೇಳಿರುವುದು ಸರಿಯೇ?" ಎಂದು ಕೇಳಿದ್ದರು. ಅವರ ಮನೆಯಲ್ಲಿ ತಂದೆಯವರ ಕಾಲದ ಮಾರುತಿ ಜೆನ್ ಇದೆ. ಮಾರಲು ಮನಸ್ಸಿಲ್ಲ. ಓಡಿಸುವುದು ವಾರಕ್ಕೊಮ್ಮೆ, ಗಾಂಧಿ ಬಜಾರಿಗೋ ಮಲ್ಲೇಶ್ವರದ ಅಕ್ಕನ ಮನೆಗೋ. ವಿಡಿಯೊ ನೋಡಿದ ಮಗ ಭಾನುವಾರ ಬೆಳಿಗ್ಗೆ ಮುಂದಿನ ಎರಡೂ ಚಕ್ರ ಬಿಚ್ಚಿ, ಹೊಸ ಬ್ರೇಕ್ ಪ್ಯಾಡ್ ಕೂರಿಸಿ, ಚಕ್ರ ಹಾಕಿದ. ಎಲ್ಲವೂ ವಿಡಿಯೊದಲ್ಲಿ ತೋರಿಸಿದಂತೆಯೇ ಆಯಿತು. ಕಾರು ಸ್ಟಾರ್ಟ್ ಮಾಡಿ ಪೋರ್ಟಿಕೊದಿಂದ ರಸ್ತೆಗೆ ಇಳಿಸುವಾಗ ಬ್ರೇಕ್ ಒತ್ತಿದರೆ ಪೆಡಲ್ ಸೀದಾ ನೆಲಕ್ಕೆ ಹೋಯಿತು! ಇಳಿಜಾರಿನಲ್ಲಿ ಜಾರಿದ ಕಾರು ಗೇಟಿನ ಕಂಬಕ್ಕೆ ಗುದ್ದಿ ನಿಂತಿತು. ಪುಣ್ಯಕ್ಕೆ ಆ ಹೊತ್ತಿಗೆ ಗೇಟಿನ ಬಳಿ ಯಾರೂ ಇರಲಿಲ್ಲ.

"ಪ್ಯಾಡ್ ಡುಪ್ಲಿಕೇಟ್ ಇರಬೇಕು" ಎಂದು ಮನೆಯವರೆಲ್ಲ ತೀರ್ಮಾನಿಸಿದ್ದರು. ಆದರೆ ಪ್ಯಾಡಿನಲ್ಲಿ ಯಾವ ದೋಷವೂ ಇರಲಿಲ್ಲ. ಬಿಟ್ಟುಹೋಗಿದ್ದು ಅರ್ಧ ನಿಮಿಷದ ಒಂದು ಕೆಲಸ. ಅದೇನೆಂದು ಮುಂದೆ ಹೇಳುತ್ತೇವೆ.

ಹಳೇ ಕಾರುಗಳ ಬಗ್ಗೆ ಇಂಥ ವಿಡಿಯೊ, ಸಂದೇಶಗಳು ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಆಗಾಗ ಬರುತ್ತಲೇ ಇರುತ್ತವೆ. ಸ್ಪ್ರಿಂಗಿಗೆ ರಬ್ಬರ್ ಸಿಕ್ಕಿಸಿದರೆ ಕಾರು ಎತ್ತರವಾಗುತ್ತದೆ, ಹಿಂದಿನ ಡ್ರಮ್ ತೆಗೆದು ಡಿಸ್ಕ್ ಹಾಕಿದರೆ ಬ್ರೇಕ್ ಎರಡು ಪಟ್ಟು ಹಿಡಿಯುತ್ತದೆ, ಗ್ಯಾರೇಜಿಗೆ ಹೋಗುವ ಖರ್ಚೇ ಇಲ್ಲ ಎಂಬುದು ಇವುಗಳ ಸಾರ. ಇದರಲ್ಲಿ ಎಷ್ಟು ನಿಜ, ಎಷ್ಟು ಅರ್ಧ ಸತ್ಯ? ಒಂದೊಂದಾಗಿ ನೋಡೋಣ ಬನ್ನಿ.

ಪೆಡಲ್ ನೆಲಕ್ಕೆ ಹೋಗಿದ್ದು ಯಾಕೆ?

ಕಾರಿನ ಬ್ರೇಕ್ ಕೆಲಸ ಮಾಡುವುದು ದ್ರವದ ಒತ್ತಡದಿಂದ. ನೀವು ಪೆಡಲ್ ಒತ್ತಿದಾಗ ಮಾಸ್ಟರ್ ಸಿಲಿಂಡರ್ ಎಂಬ ಕೊಳವೆಯಲ್ಲಿರುವ ಬ್ರೇಕ್ ಆಯಿಲ್ ಮುಂದಕ್ಕೆ ತಳ್ಳಲ್ಪಡುತ್ತದೆ. ಆ ಒತ್ತಡ ಸಣ್ಣ ಪೈಪುಗಳ ಮೂಲಕ ನಾಲ್ಕೂ ಚಕ್ರಗಳಿಗೆ ತಲುಪುತ್ತದೆ. ಮುಂದಿನ ಚಕ್ರಗಳಲ್ಲಿ ಕ್ಯಾಲಿಪರ್ ಒಳಗಿನ ಪಿಸ್ಟನ್ ಹೊರಬಂದು ಪ್ಯಾಡನ್ನು ಡಿಸ್ಕಿಗೆ ಒತ್ತುತ್ತದೆ. ಹಿಂದಿನ ಚಕ್ರಗಳಲ್ಲಿ ಡ್ರಮ್ಮಿನ ಒಳಗೆ ಬ್ರೇಕ್ ಶೂಗಳು ಅಗಲಗೊಂಡು ಡ್ರಮ್ಮಿಗೆ ತಾಗುತ್ತವೆ. ಜೆನ್, ಸ್ಯಾಂಟ್ರೊದಂಥ ಹಳೇ ಸಣ್ಣ ಕಾರುಗಳಲ್ಲಿ ಇರುವುದು ಇದೇ ಜೋಡಣೆ: ಮುಂದೆ ಡಿಸ್ಕ್, ಹಿಂದೆ ಡ್ರಮ್.

ಪ್ಯಾಡ್ ಸವೆದಂತೆ ಪಿಸ್ಟನ್ ಸ್ವಲ್ಪ ಸ್ವಲ್ಪವೇ ಹೊರಗೆ ಬಂದಿರುತ್ತದೆ. ಹೊಸ ಪ್ಯಾಡ್ ದಪ್ಪ. ಅದು ಕೂರಬೇಕಾದರೆ ಪಿಸ್ಟನ್ನನ್ನು ಪೂರ್ತಿ ಒಳಕ್ಕೆ ತಳ್ಳಬೇಕು. ಹಾಗೆ ತಳ್ಳಿದ ಮೇಲೆ ಪಿಸ್ಟನ್ನಿಗೂ ಪ್ಯಾಡಿಗೂ ನಡುವೆ ಜಾಗ ಉಳಿಯುತ್ತದೆ. ಮೊದಲ ಕೆಲವು ಸಲ ಪೆಡಲ್ ಒತ್ತಿದ್ದೆಲ್ಲ ಆ ಜಾಗ ತುಂಬುವುದಕ್ಕೇ ಖರ್ಚಾಗುತ್ತದೆ. ಕಾರು ಕದಲುವ ಮೊದಲೇ ನಾಲ್ಕೈದು ಸಲ, ಪೆಡಲ್ ಗಟ್ಟಿಯಾಗುವವರೆಗೆ ಒತ್ತಿ ಬಿಡಬೇಕು. ಯಾವ ಮೆಕ್ಯಾನಿಕ್ ಆದರೂ ಯೋಚಿಸದೆ ಮಾಡುವ ಕೆಲಸ ಇದು. ವಿಡಿಯೊದಲ್ಲಿ ಅದನ್ನು ತೋರಿಸಿರಲಿಲ್ಲ.

ಇಂಥ ವಿಡಿಯೊಗಳ ದೊಡ್ಡ ತೊಂದರೆ ಇದೇ. ಬಿಚ್ಚುವುದನ್ನೂ ಹಾಕುವುದನ್ನೂ ತೋರಿಸುತ್ತಾರೆ. ಹಾಕಿದ್ದು ಸರಿಯಾಗಿದೆಯೇ ಎಂದು ಪರೀಕ್ಷಿಸುವುದನ್ನು ಕತ್ತರಿಸಿಬಿಡುತ್ತಾರೆ.

ಫಾರ್ವರ್ಡ್ 1: "ದೊಡ್ಡ ಡಿಸ್ಕ್ ಹಾಕಿದರೆ ಅರ್ಧ ದೂರದಲ್ಲೇ ಕಾರು ನಿಲ್ಲುತ್ತದೆ"

ಕಾರನ್ನು ಕೊನೆಗೂ ನಿಲ್ಲಿಸುವುದು ಟೈರು. ಬ್ರೇಕು ಚಕ್ರವನ್ನು ನಿಲ್ಲಿಸುತ್ತದೆ, ರಸ್ತೆಯನ್ನು ಹಿಡಿದು ಕಾರನ್ನು ನಿಲ್ಲಿಸುವ ಕೆಲಸ ಟೈರಿನದು. ಅಂಗೈಯಗಲದ ನಾಲ್ಕು ರಬ್ಬರ್ ತುಂಡುಗಳಷ್ಟೇ ಒಂದು ಕ್ಷಣದಲ್ಲಿ ರಸ್ತೆಗೆ ತಾಗಿರುತ್ತವೆ. ಅವುಗಳ ಹಿಡಿತ ಎಷ್ಟೋ ಅಷ್ಟೇ.

ಲೆಕ್ಕ ಹಾಕಿ ನೋಡಿ. ಒಣಗಿದ ಡಾಂಬರು ರಸ್ತೆಯಲ್ಲಿ ಸಾಧಾರಣ ಟೈರಿನ ಘರ್ಷಣೆಯ ಪ್ರಮಾಣ 0.7 ಎಂದಿಟ್ಟುಕೊಂಡರೆ, ಗಂಟೆಗೆ 40 ಕಿ.ಮೀ. ವೇಗದ ಕಾರು ಬ್ರೇಕ್ ಹಿಡಿದ ಮೇಲೆ ನಿಲ್ಲಲು ಸುಮಾರು 9 ಮೀಟರ್ ಬೇಕು. 60 ಕಿ.ಮೀ. ವೇಗದಲ್ಲಿ ಸುಮಾರು 20 ಮೀಟರ್. 80 ಕಿ.ಮೀ. ಆದರೆ 36 ಮೀಟರ್. ವೇಗ ಎರಡು ಪಟ್ಟಾದರೆ ದೂರ ನಾಲ್ಕು ಪಟ್ಟು. ಮಳೆ ಬಂದು ರಸ್ತೆ ಒದ್ದೆಯಾಗಿ, ಟೈರೂ ಸವೆದು, ಘರ್ಷಣೆ 0.4ಕ್ಕೆ ಇಳಿಯಿತು ಎನ್ನಿ: ಅದೇ 60 ಕಿ.ಮೀ. ವೇಗಕ್ಕೆ 35 ಮೀಟರ್ ಬೇಕಾಗುತ್ತದೆ. ಈ ಲೆಕ್ಕದಲ್ಲಿ ಡಿಸ್ಕಿನ ಗಾತ್ರ ಎಲ್ಲೂ ಬರಲೇ ಇಲ್ಲ, ಗಮನಿಸಿದಿರಾ?

ಸರಿಯಾಗಿರುವ ಹಳೇ ಬ್ರೇಕ್ ಕೂಡ ಚಕ್ರವನ್ನು ಪೂರ್ತಿ ಲಾಕ್ ಮಾಡುವಷ್ಟು ಬಲ ಕೊಡುತ್ತದೆ. ಅದಕ್ಕಿಂತ ಹೆಚ್ಚು ಬಲ ಕೊಟ್ಟು ಪ್ರಯೋಜನವಿಲ್ಲ, ಚಕ್ರ ಇನ್ನೂ ಬೇಗ ಲಾಕ್ ಆಗಿ ಕಾರು ಜಾರುತ್ತದೆ ಅಷ್ಟೇ. ಭಾರತದಲ್ಲಿ ಹೊಸ ಕಾರುಗಳಿಗೆ ಎಬಿಎಸ್ ಕಡ್ಡಾಯವಾಗಿದ್ದು 2019ರ ಏಪ್ರಿಲ್‌ನಿಂದ. ಅದಕ್ಕೂ ಮುಂಚಿನ ಸಣ್ಣ ಕಾರುಗಳಲ್ಲಿ ಬಹಳಷ್ಟಕ್ಕೆ ಅದು ಇರಲಿಲ್ಲ. ಅಂಥ ಕಾರಿನಲ್ಲಿ ಚಕ್ರ ಲಾಕ್ ಆದರೆ ಬಿಡಿಸಿಕೊಡುವವರು ಯಾರೂ ಇಲ್ಲ.

ಹಾಗಾದರೆ ದೊಡ್ಡ ಡಿಸ್ಕಿನಿಂದ ಏನೂ ಉಪಯೋಗವಿಲ್ಲವೇ? ಇದೆ. ದೊಡ್ಡ ಡಿಸ್ಕ್ ಹೆಚ್ಚು ಶಾಖ ತಡೆದುಕೊಳ್ಳುತ್ತದೆ. ಪದೇ ಪದೇ ಅತಿವೇಗದಿಂದ ಬ್ರೇಕ್ ಹಿಡಿಯುವ ರೇಸ್ ಕಾರಿಗೆ ಅದು ಬೇಕು. ವಾರಕ್ಕೊಮ್ಮೆ ಬುಲ್ ಟೆಂಪಲ್ ರಸ್ತೆಯಲ್ಲಿ ಎರಡನೇ ಗೇರಿನಲ್ಲಿ ಹೋಗುವ ಕಾರಿಗೆ ಬೇಕಾಗಿಲ್ಲ.

ಫಾರ್ವರ್ಡ್ 2: "ಹಿಂದಿನ ಡ್ರಮ್ ತೆಗೆದು ಡಿಸ್ಕ್ ಹಾಕಿ"

ಇದು ಮೊದಲನೆಯದಕ್ಕಿಂತ ಹೆಚ್ಚು ಅಪಾಯದ ಸಲಹೆ. ಬಿಎಂಟಿಸಿ ಬಸ್ಸಿನಲ್ಲಿ ನಿಂತಿದ್ದಾಗ ಡ್ರೈವರ್ ಗಕ್ಕನೆ ಬ್ರೇಕ್ ಹಾಕಿದರೆ ಏನಾಗುತ್ತದೆ? ಎಲ್ಲರೂ ಮುಂದಕ್ಕೆ ವಾಲುತ್ತೇವೆ. ಕಾರಿನ ತೂಕವೂ ಹಾಗೆಯೇ ಮುಂದಕ್ಕೆ ವಾಲುತ್ತದೆ. ಎಂಜಿನ್ ಮುಂದಿರುವ ಸಣ್ಣ ಕಾರಿನಲ್ಲಿ ಜೋರಾಗಿ ಬ್ರೇಕ್ ಹಾಕಿದ ಕ್ಷಣ ತೂಕದ ಸುಮಾರು ಮುಕ್ಕಾಲು ಪಾಲು ಮುಂದಿನ ಚಕ್ರಗಳ ಮೇಲಿರುತ್ತದೆ. ಹಿಂದಿನ ಚಕ್ರಗಳು ಹಗುರಾಗಿ, ಅವುಗಳ ಹಿಡಿತ ಕಡಿಮೆಯಾಗುತ್ತದೆ.

ಅದಕ್ಕಾಗಿಯೇ ಹಿಂದಿನ ಬ್ರೇಕಿಗೆ ಬೇಕೆಂದೇ ಕಡಿಮೆ ಬಲ ಸಿಗುವಂತೆ ಕಾರು ಮಾಡುವವರು ಲೆಕ್ಕ ಹಾಕಿರುತ್ತಾರೆ. ಹಿಂದಿನ ಚಕ್ರಕ್ಕೆ ಹೋಗುವ ಒತ್ತಡವನ್ನು ತಗ್ಗಿಸಲು ಅನೇಕ ಕಾರುಗಳಲ್ಲಿ ಒಂದು ವಾಲ್ವ್ ಕೂಡ ಇರುತ್ತದೆ. ಗುಜರಿಯಿಂದ ಬೇರೆ ಕಾರಿನ ಡಿಸ್ಕ್, ಕ್ಯಾಲಿಪರ್ ತಂದು ಹಿಂದೆ ಕೂರಿಸಿದರೆ ಈ ಲೆಕ್ಕವೆಲ್ಲ ಕೆಡುತ್ತದೆ. ಮುಂದಿನ ಚಕ್ರ ಲಾಕ್ ಆದರೆ ಕಾರು ನೇರವಾಗಿ ಜಾರುತ್ತದೆ. ಹಿಂದಿನದು ಮೊದಲು ಲಾಕ್ ಆದರೆ ಕಾರಿನ ಬಾಲ ಸುತ್ತಿ ಬಂದು ಗಾಡಿಯೇ ಅಡ್ಡ ತಿರುಗುತ್ತದೆ. ಮಳೆಗಾಲದಲ್ಲಿ, ಪಕ್ಕದಲ್ಲೇ ಸ್ಕೂಟರ್, ಆಟೊ ಇರುವ ನಮ್ಮ ರಸ್ತೆಗಳಲ್ಲಿ ಇದರ ಅರ್ಥ ಏನೆಂದು ಬಿಡಿಸಿ ಹೇಳಬೇಕಾಗಿಲ್ಲ.

ಇನ್ನೂ ಎರಡು ತೊಡಕು. ಹಳೆಯ ಮಾಸ್ಟರ್ ಸಿಲಿಂಡರ್ ಹೊಸ ಕ್ಯಾಲಿಪರಿಗೆ ಬೇಕಾದಷ್ಟು ಆಯಿಲ್ ತಳ್ಳಲಾರದೆ ಪೆಡಲ್ ಆಳಕ್ಕೆ ಹೋಗಬಹುದು. ಹ್ಯಾಂಡ್‌ಬ್ರೇಕಿನ ಕೇಬಲ್ ಹಿಂದಿನ ಡ್ರಮ್ಮಿಗೇ ಜೋಡಣೆಯಾಗಿರುವುದರಿಂದ ಡ್ರಮ್ ಹೋದರೆ ಹ್ಯಾಂಡ್‌ಬ್ರೇಕ್ ಕೂಡ ಹೋಗುತ್ತದೆ.

ಫಾರ್ವರ್ಡ್ 3: "ಸ್ಪ್ರಿಂಗಿಗೆ ರಬ್ಬರ್ ಬಫರ್ ಸಿಕ್ಕಿಸಿದರೆ ಹಂಪ್ ತಾಗುವುದಿಲ್ಲ, ಪಯಣ ಮೆತ್ತಗಾಗುತ್ತದೆ"

ಇದರಲ್ಲಿ ಅರ್ಧ ನಿಜವಿದೆ. ವಯಸ್ಸಾದ ಸ್ಪ್ರಿಂಗ್ ಕುಸಿದು ಕಾರು ತಗ್ಗಾಗಿರುತ್ತದೆ. ನಾಲ್ಕು ಜನ ಕೂತರೆ ಪ್ರತಿ ಹಂಪಿಗೂ ತಳ ಉಜ್ಜುತ್ತದೆ. ಸುರುಳಿಗಳ ನಡುವೆ ರಬ್ಬರ್ ತುಂಡು ಸಿಕ್ಕಿಸಿದರೆ ಕಾರು ಮೇಲೇಳುವುದು ನಿಜ. "ಮೆತ್ತಗಾಗುತ್ತದೆ" ಎನ್ನುವುದು ಮಾತ್ರ ತಪ್ಪು.

ಸ್ಪ್ರಿಂಗಿನ ಬಿಗಿತ ಅದರಲ್ಲಿ ಕೆಲಸ ಮಾಡುವ ಸುರುಳಿಗಳ ಸಂಖ್ಯೆಯನ್ನು ಅವಲಂಬಿಸಿದೆ. ಸುರುಳಿ ಕಡಿಮೆಯಾದಷ್ಟೂ ಸ್ಪ್ರಿಂಗ್ ಬಿಗಿ. ಆರು ಸುರುಳಿಯಲ್ಲಿ ಒಂದನ್ನು ರಬ್ಬರ್ ಹಾಕಿ ಕಟ್ಟಿಹಾಕಿದರೆ ಸ್ಪ್ರಿಂಗ್ ಸುಮಾರು ಶೇ. 20ರಷ್ಟು ಬಿಗಿಯಾಗುತ್ತದೆ. ಅಂದರೆ ಗುಂಡಿಯ ಹೊಡೆತ ಸ್ಪ್ರಿಂಗಿನಲ್ಲಿ ಇಂಗುವುದರ ಬದಲು ಬಾಡಿಗೆ, ನಿಮ್ಮ ಬೆನ್ನಿಗೆ ಬರುತ್ತದೆ. ಉಳಿದ ಸುರುಳಿಗಳ ಮೇಲೆ ಹೆಚ್ಚು ಭಾರ ಬೀಳುತ್ತದೆ. ಮೊದಲೇ ತುಕ್ಕು ಹಿಡಿದ ಇಪ್ಪತ್ತು ವರ್ಷದ ಸ್ಪ್ರಿಂಗ್ ಆದರೆ ಮುರಿಯುವ ಸಂಭವ ಹೆಚ್ಚು. ಹಿಂದೆ ಮಾತ್ರ ಎತ್ತರಿಸಿದರೆ ಕಾರಿನ ಮೂತಿ ತಗ್ಗಿ ಹೆಡ್‌ಲೈಟ್ ಹತ್ತಿರದ ರಸ್ತೆಗಷ್ಟೇ ಬೀಳುತ್ತದೆ. ಮುಂದೆ ಮಾತ್ರ ಎತ್ತರಿಸಿದರೆ ಎದುರಿನವರ ಕಣ್ಣಿಗೆ ಹೊಡೆಯುತ್ತದೆ.

ಸ್ಪ್ರಿಂಗ್ ಕುಸಿದಿದ್ದರೆ ಮದ್ದು ಒಂದೇ: ಅದೇ ಕಾರಿನ, ಅದೇ ಅಳತೆಯ ಹೊಸ ಸ್ಪ್ರಿಂಗನ್ನು ಎಡಕ್ಕೂ ಬಲಕ್ಕೂ ಜೋಡಿಯಾಗಿ ಹಾಕಿಸುವುದು.

ಕಾರು ಕುಣಿಯುವುದು ಸ್ಪ್ರಿಂಗಿನಿಂದಲ್ಲ

ಬಹಳ ಜನ ಸ್ಪ್ರಿಂಗು, ಶಾಕ್ ಅಬ್ಸಾರ್ಬರ್ ಎರಡನ್ನೂ ಒಂದೇ ಎಂದುಕೊಂಡಿರುತ್ತಾರೆ. ಕಾರಿನ ಭಾರ ಹೊರುವುದು ಸ್ಪ್ರಿಂಗ್. ಹೊಡೆತ ಬಿದ್ದ ಮೇಲೆ ಆ ಸ್ಪ್ರಿಂಗ್ ಮೇಲೆ ಕೆಳಗೆ ಕುಣಿಯುವುದನ್ನು ನಿಲ್ಲಿಸುವುದು ಶಾಕ್ ಅಬ್ಸಾರ್ಬರ್. ಅದರೊಳಗಿನ ಎಣ್ಣೆ ಸಣ್ಣ ರಂಧ್ರಗಳ ಮೂಲಕ ಹಾದು ಹೋಗುವಾಗ ಕುಣಿತದ ಶಕ್ತಿ ಶಾಖವಾಗಿ ಕರಗುತ್ತದೆ.

ಸೀಲ್ ಹೋಗಿ ಎಣ್ಣೆ ಸೋರಿದರೆ ಚಕ್ರ ರಸ್ತೆಯ ಮೇಲೆ ಚೆಂಡಿನಂತೆ ಪುಟಿಯುತ್ತದೆ. ಗಾಳಿಯಲ್ಲಿರುವ ಚಕ್ರಕ್ಕೆ ಹಿಡಿತವೂ ಇಲ್ಲ, ಬ್ರೇಕೂ ಇಲ್ಲ. ಹಾಗಾಗಿ ಶಾಕ್ ಅಬ್ಸಾರ್ಬರ್ ಕೆಟ್ಟರೆ ಹೋಗುವುದು ಆರಾಮ ಮಾತ್ರವಲ್ಲ, ಗುಂಡಿ ಬಿದ್ದ ರಸ್ತೆಯಲ್ಲಿ ಕಾರು ನಿಲ್ಲುವ ದೂರವೂ ಹೆಚ್ಚುತ್ತದೆ. "ಬ್ರೇಕ್ ಸರಿ ಹಿಡಿಯುತ್ತಿಲ್ಲ" ಎಂದು ಪ್ಯಾಡ್ ಬದಲಿಸುವ ಎಷ್ಟೋ ಜನರಿಗೆ ನಿಜವಾಗಿ ಬೇಕಿರುವುದು ಟೈರೋ ಶಾಕ್ ಅಬ್ಸಾರ್ಬರೋ ಆಗಿರುತ್ತದೆ.

ಇದನ್ನು ಬಿಚ್ಚುವ ಸಾಹಸ ಮಾತ್ರ ಮನೆಯಲ್ಲಿ ಬೇಡ. ಹೆಚ್ಚಿನ ಕಾರುಗಳ ಮುಂಭಾಗದಲ್ಲಿ ಸ್ಪ್ರಿಂಗು ಮತ್ತು ಶಾಕ್ ಅಬ್ಸಾರ್ಬರ್ ಒಂದೇ ಕಂಬದಲ್ಲಿ ಸೇರಿರುತ್ತವೆ. ಸ್ಪ್ರಿಂಗ್ ಅದುಮಿಟ್ಟ ಸ್ಥಿತಿಯಲ್ಲೇ ಇರುತ್ತದೆ. ಮಿಲಿಮೀಟರಿಗೆ 20 ನ್ಯೂಟನ್ ಬಿಗಿತದ ಸ್ಪ್ರಿಂಗನ್ನು 15 ಸೆಂ.ಮೀ. ಅದುಮಿದರೆ ಅದರಲ್ಲಿ ಸುಮಾರು 225 ಜೂಲ್ ಶಕ್ತಿ ಸೇರುತ್ತದೆ. ಅದು 25 ಕೆ.ಜಿ. ಅಕ್ಕಿ ಮೂಟೆ ಮೂರು ಅಡಿ ಎತ್ತರದಿಂದ ಬಿದ್ದಾಗಿನ ಹೊಡೆತಕ್ಕೆ ಸಮ. ಮೇಲಿನ ನಟ್ ಬಿಚ್ಚಿದ ಕ್ಷಣ ಅಷ್ಟೂ ಶಕ್ತಿ ಮುಖದ ಕಡೆಗೆ ಚಿಮ್ಮಬಹುದು. ಸ್ಪ್ರಿಂಗನ್ನು ಅದುಮಿ ಹಿಡಿಯುವ ಸರಿಯಾದ ಸಾಧನ ಮತ್ತು ಅದರ ಅಭ್ಯಾಸ ಇದ್ದವರು ಮಾತ್ರ ಮಾಡಬೇಕಾದ ಕೆಲಸ ಇದು.

ಫಾರ್ವರ್ಡ್ 4: "ಬ್ರೇಕ್ ಆಯಿಲ್ ಕಡಿಮೆಯಾದರೆ ಟಾಪ್‌ಅಪ್ ಮಾಡಿದರೆ ಸಾಕು"

ಬ್ರೇಕ್ ಆಯಿಲ್ ಪೆಟ್ರೋಲಿನಂತೆ ಖರ್ಚಾಗುವ ವಸ್ತುವಲ್ಲ. ಮಟ್ಟ ಇಳಿದಿದೆ ಎಂದರೆ ಪ್ಯಾಡ್ ಸವೆದಿರಬೇಕು, ಇಲ್ಲವೇ ಎಲ್ಲೋ ಸೋರುತ್ತಿರಬೇಕು. ಕಾರಣ ಹುಡುಕದೆ ತುಂಬಿಸಿದರೆ ಕಾರು ಕೊಟ್ಟ ಎಚ್ಚರಿಕೆಯನ್ನು ನಾವೇ ಅಳಿಸಿದಂತೆ.

ಹೆಸರು ಆಯಿಲ್ ಆದರೂ ಅದು ಎಣ್ಣೆಯಲ್ಲ, ಗ್ಲೈಕಾಲ್ ಬಗೆಯ ದ್ರವ. ಅದರ ಒಂದು ಗುಣ ಗಾಳಿಯಿಂದ ತೇವ ಹೀರುವುದು. ಕಾರು ಓಡಲಿ, ಓಡದಿರಲಿ, ವರ್ಷಗಳು ಕಳೆದಂತೆ ರಬ್ಬರ್ ಹೋಸುಗಳ ಮೂಲಕ, ಮುಚ್ಚಳದ ಮೂಲಕ ತೇವ ಒಳಸೇರುತ್ತದೆ. ಡಾಟ್ 3 ದರ್ಜೆಯ ಹೊಸ ದ್ರವ ಕನಿಷ್ಠ 205 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯಬಾರದು ಎಂಬುದು ಮಾನದಂಡ. ಅದೇ ದ್ರವದಲ್ಲಿ ಶೇ. 3.7ರಷ್ಟು ನೀರು ಸೇರಿದರೆ ಆ ಮಿತಿ 140 ಡಿಗ್ರಿಗೆ ಇಳಿಯುತ್ತದೆ. ಡಾಟ್ 4ಕ್ಕೆ ಈ ಅಂಕಿಗಳು 230 ಮತ್ತು 155.

ಇದು ಯಾವಾಗ ಮುಖ್ಯವಾಗುತ್ತದೆ? ಬೆಂಗಳೂರಿನವರ ಭಾನುವಾರದ ನಂದಿಬೆಟ್ಟದ ಪ್ರವಾಸವನ್ನೇ ತೆಗೆದುಕೊಳ್ಳಿ. ಬೆಟ್ಟದ ಎತ್ತರ ಸಮುದ್ರ ಮಟ್ಟದಿಂದ 1478 ಮೀಟರ್, ಬುಡದ ಬಯಲಿಗಿಂತ ಸುಮಾರು 500 ಮೀಟರ್ ಮೇಲೆ. ಜನರೂ ಸೇರಿ 900 ಕೆ.ಜಿ. ತೂಗುವ ಕಾರು ಅಷ್ಟು ಎತ್ತರದಿಂದ ಇಳಿಯುವಾಗ ಕಳೆಯಬೇಕಾದ ಶಕ್ತಿ ಸುಮಾರು 14 ಲೀಟರ್, ಅಂದರೆ ಒಂದು ದೊಡ್ಡ ಬಿಂದಿಗೆ ನೀರನ್ನು ಕುದಿಸಲು ಬೇಕಾದಷ್ಟು! ನ್ಯೂಟ್ರಲ್‌ನಲ್ಲಿಟ್ಟು ಬರೀ ಬ್ರೇಕ್ ಒತ್ತಿಕೊಂಡು ಇಳಿದರೆ ಆ ಶಾಖದ ಬಹುಪಾಲು ಬ್ರೇಕುಗಳಿಗೇ ಹೋಗುತ್ತದೆ. ತೇವ ಹೀರಿದ ದ್ರವ ಕುದ್ದು ಪೈಪಿನಲ್ಲಿ ಆವಿಯ ಗುಳ್ಳೆ ಏಳುತ್ತದೆ. ದ್ರವವನ್ನು ಅದುಮಲಾಗದು, ಆವಿಯನ್ನು ಅದುಮಬಹುದು. ಪೆಡಲ್ ಒತ್ತಿದರೆ ಆವಿ ಕುಗ್ಗುತ್ತದೆ, ಚಕ್ರಕ್ಕೆ ಒತ್ತಡ ಹೋಗುವುದಿಲ್ಲ. ಆಗ ಪ್ಯಾಡ್ ಎಷ್ಟೇ ದುಬಾರಿಯದಾದರೂ ಕೆಲಸಕ್ಕೆ ಬರುವುದಿಲ್ಲ. ಬೆಟ್ಟ ಹತ್ತಿದ ಗೇರಿನಲ್ಲೇ ಇಳಿಯಬೇಕು ಎಂದು ಹಿರಿಯರು ಹೇಳುತ್ತಿದ್ದ ಮಾತಿನ ವಿಜ್ಞಾನ ಇದೇ. ಎಂಜಿನ್ನೇ ಒಂದಷ್ಟು ತಡೆ ಕೊಟ್ಟರೆ ಬ್ರೇಕಿಗೆ ಹೋಗುವ ಶಾಖ ಕಡಿಮೆಯಾಗುತ್ತದೆ.

ಬ್ರೇಕ್ ಆಯಿಲನ್ನು ಸಾಮಾನ್ಯವಾಗಿ ಎರಡು ವರ್ಷಕ್ಕೊಮ್ಮೆ ಪೂರ್ತಿ ಬದಲಿಸಲು ಹೇಳುತ್ತಾರೆ. ನಿಮ್ಮ ಕಾರಿನ ಕೈಪಿಡಿಯಲ್ಲಿ ನೋಡಿಕೊಳ್ಳಿ. ಯಾವ ದರ್ಜೆಯದು ಎಂಬುದು ಸಾಮಾನ್ಯವಾಗಿ ಡಬ್ಬಿಯ ಮುಚ್ಚಳದ ಮೇಲೇ ಇರುತ್ತದೆ. ಡಾಟ್ 5 ಎಂಬುದು ಸಿಲಿಕೋನ್ ಬಗೆಯದು, ಅದನ್ನು ಡಾಟ್ 3 ಅಥವಾ 4ರ ಜೊತೆ ಬೆರೆಸಬಾರದು. ತುರ್ತಿಗೆಂದು ಎಂಜಿನ್ ಆಯಿಲ್ ಹಾಕುವುದಂತೂ ಬೇಡವೇ ಬೇಡ. ಅದು ತಾಗಿದ ರಬ್ಬರ್ ಸೀಲುಗಳು ಊದಿಕೊಂಡು ಇಡೀ ವ್ಯವಸ್ಥೆಯೇ ಕೆಡುತ್ತದೆ.

ಫಾರ್ವರ್ಡ್ 5: "ಬ್ರೇಕ್ ಕಿರುಗುಟ್ಟಿದರೆ ಎರಡು ಹನಿ ಎಣ್ಣೆ ಬಿಡಿ"

ಬಾಗಿಲಿನ ಕೀಲಿಗೆ ಸರಿ, ಬ್ರೇಕಿಗೆ ಅಲ್ಲ. ಬ್ರೇಕ್ ಬದುಕಿರುವುದೇ ಘರ್ಷಣೆಯ ಮೇಲೆ. ಡಿಸ್ಕು, ಪ್ಯಾಡು, ಡ್ರಮ್ಮಿನ ಒಳಮೈಗೆ ಎಣ್ಣೆ, ಗ್ರೀಸು, ಸೀಮೆಎಣ್ಣೆ ಏನು ತಾಗಿದರೂ ಹಿಡಿತ ಹೋಗುತ್ತದೆ. ಎಣ್ಣೆ ಕುಡಿದ ಪ್ಯಾಡನ್ನು ಒರೆಸಿ ಸರಿಮಾಡಲಾಗುವುದಿಲ್ಲ, ಬದಲಿಸಲೇಬೇಕು. ಕಿರುಗುಟ್ಟುವುದು ಎಷ್ಟೋ ಸಲ ಪ್ಯಾಡ್ ಸವೆದಿದೆ ಎಂಬ ಸೂಚನೆ. ಅನೇಕ ಪ್ಯಾಡುಗಳಲ್ಲಿ ಹಾಗೆ ಸದ್ದು ಮಾಡಲೆಂದೇ ಒಂದು ಲೋಹದ ಪಟ್ಟಿ ಇಟ್ಟಿರುತ್ತಾರೆ.

ಇನ್ನೊಂದು ಎಚ್ಚರಿಕೆ ಆರೋಗ್ಯದ್ದು. ಡ್ರಮ್ಮಿನ ಒಳಗಿನ ಕಪ್ಪು ಧೂಳನ್ನು ಬಾಯಿಂದ ಊದಬೇಡಿ, ಏರ್ ಹೊಡೆಸಲೂ ಬೇಡಿ. ಹಳೇ ಬ್ರೇಕ್ ಲೈನಿಂಗ್‌ಗಳಲ್ಲಿ ಕಲ್ನಾರು ಬಳಕೆಯಲ್ಲಿತ್ತು. ಕಲ್ನಾರು ಕ್ಯಾನ್ಸರ್ ತರುವ ವಸ್ತು ಎಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಖಚಿತವಾಗಿ ವರ್ಗೀಕರಿಸಿದೆ. ನಿಮ್ಮ ಕಾರಿನ ಲೈನಿಂಗಿನಲ್ಲಿ ಅದು ಇದೆಯೋ ಇಲ್ಲವೋ ಕಣ್ಣಿಗೆ ಕಾಣಿಸುವುದಿಲ್ಲ. ಒದ್ದೆ ಬಟ್ಟೆಯಿಂದ ಒರೆಸುವುದೇ ಸರಿ.

"ನಮ್ಮದು ಬರೀ 40 ಸಾವಿರ ಓಡಿದ ಗಾಡಿ"

ಬಸವನಗುಡಿ, ಮಲ್ಲೇಶ್ವರ, ಚಾಮರಾಜಪೇಟೆಯ ಹಳೇ ಮನೆಗಳ ಪೋರ್ಟಿಕೊಗಳಲ್ಲಿ ಕವರ್ ಹೊದ್ದು ನಿಂತಿರುವ ಎಷ್ಟೋ ಕಾರುಗಳ ಬಗ್ಗೆ ಕೇಳಿಬರುವ ಮಾತು ಇದು. ಕಡಿಮೆ ಓಡಿದ್ದು ಎಂಜಿನ್ನಿಗೆ ಒಳ್ಳೆಯದಿರಬಹುದು. ಬ್ರೇಕು, ಸಸ್ಪೆನ್ಷನ್ನಿನ ರಬ್ಬರಿಗೆ ಕಿಲೋಮೀಟರಿನ ಲೆಕ್ಕ ಗೊತ್ತಿಲ್ಲ, ವರ್ಷದ ಲೆಕ್ಕ ಮಾತ್ರ ಗೊತ್ತು.

ನಿಂತಲ್ಲೇ ನಿಂತ ಕಾರಿನಲ್ಲಿ ಡಿಸ್ಕಿಗೆ ತುಕ್ಕು ಹಿಡಿಯುತ್ತದೆ. ಕ್ಯಾಲಿಪರಿನ ಪಿಸ್ಟನ್ ಜಾಮ್ ಆಗಿ ಒಂದು ಕಡೆ ಮಾತ್ರ ಬ್ರೇಕ್ ಹಿಡಿಯುತ್ತದೆ. ಆಗ ಬ್ರೇಕ್ ಒತ್ತಿದರೆ ಕಾರು ಪಕ್ಕಕ್ಕೆ ಎಳೆಯುತ್ತದೆ. ಹೋಸುಗಳು ಬಿರುಕು ಬಿಡುತ್ತವೆ, ಬುಷ್‌ಗಳು ಗಟ್ಟಿಯಾಗಿ ಒಡೆಯುತ್ತವೆ. ಟೈರಿನ ಗುಂಡಿ ಆಳವಾಗೇ ಇದ್ದರೂ ರಬ್ಬರ್ ಗಡುಸಾಗಿ ಹಿಡಿತ ಕಳೆದುಕೊಂಡಿರುತ್ತದೆ. ಟೈರಿನ ಪಕ್ಕದಲ್ಲಿ ಡಾಟ್ ಎಂಬ ಗುರುತಿನ ಸಾಲಿನ ಕೊನೆಗೆ ನಾಲ್ಕು ಅಂಕಿ ಇರುತ್ತವೆ. 2314 ಎಂದಿದ್ದರೆ 2014ರ 23ನೇ ವಾರ ತಯಾರಾದದ್ದು ಎಂದರ್ಥ. ಇವತ್ತೇ ಹೋಗಿ ನಿಮ್ಮ ಕಾರಿನದನ್ನು ನೋಡಿ. ಸ್ಟೆಪ್ನಿಯದನ್ನೂ ನೋಡಿ. ಆಶ್ಚರ್ಯ ಕಾದಿರಬಹುದು.

ನೀವೇ ಮಾಡಬಹುದಾದ ಪರೀಕ್ಷೆಗಳು

ಮನೆಯಲ್ಲಿ ಏನೂ ಮಾಡಬಾರದು ಎಂದು ನಾವು ಹೇಳುತ್ತಿಲ್ಲ. ಬಿಚ್ಚುವುದಕ್ಕಿಂತ ನೋಡುವುದು ಹೆಚ್ಚು ಉಪಯೋಗದ ಕೆಲಸ. ಅದಕ್ಕೆ ಬೇಕಾದ್ದು ಹತ್ತು ನಿಮಿಷ, ಒಂದು ಟಾರ್ಚು. ಕಾರು ಸಮತಟ್ಟು ಜಾಗದಲ್ಲಿರಲಿ.

1. ಎಂಜಿನ್ ಆಫ್ ಮಾಡಿ ಪೆಡಲನ್ನು ನಾಲ್ಕೈದು ಸಲ ಒತ್ತಿ. ಗಟ್ಟಿಯಾದ ಮೇಲೆ ಒತ್ತಿ ಹಿಡಿದೇ ಎಂಜಿನ್ ಸ್ಟಾರ್ಟ್ ಮಾಡಿ. ಪೆಡಲ್ ಸ್ವಲ್ಪ ಕೆಳಗಿಳಿಯಬೇಕು. ಇಳಿಯದಿದ್ದರೆ ಬೂಸ್ಟರ್ ತೋರಿಸಿ.

2. ಎಂಜಿನ್ ಓಡುತ್ತಿರುವಾಗ ಪೆಡಲನ್ನು 30 ಸೆಕೆಂಡ್ ಒಂದೇ ಸಮ ಒತ್ತಿ ಹಿಡಿಯಿರಿ. ನಿಧಾನವಾಗಿ ಕೆಳಗೆ ಕುಸಿಯುತ್ತಾ ಹೋದರೆ ಸೋರಿಕೆ ಇದೆ ಅಥವಾ ಮಾಸ್ಟರ್ ಸಿಲಿಂಡರ್ ಕೆಟ್ಟಿದೆ. ಆ ಕಾರನ್ನು ಗ್ಯಾರೇಜಿಗೂ ಓಡಿಸಿಕೊಂಡು ಹೋಗಬೇಡಿ, ಮೆಕ್ಯಾನಿಕ್ಕನ್ನೇ ಮನೆಗೆ ಕರೆಸಿ.

3. ಪೆಡಲ್ ಸ್ಪಂಜಿನಂತೆ ಮೆತ್ತಗಿದ್ದರೆ ಪೈಪಿನಲ್ಲಿ ಗಾಳಿ ಸೇರಿದೆ. ಏರ್ ತೆಗೆಸಬೇಕು.

4. ನಾಲ್ಕೂ ಚಕ್ರಗಳ ಒಳಬದಿಗೆ ಟಾರ್ಚ್ ಬಿಡಿ. ಹೋಸಿನಲ್ಲಿ ಬಿರುಕು, ಚಕ್ರದ ಒಳಮೈ ಒದ್ದೆ, ಶಾಕ್ ಅಬ್ಸಾರ್ಬರಿನ ಮೈಮೇಲೆ ಎಣ್ಣೆ ಇಳಿದ ಗುರುತು ಇದೆಯೇ ನೋಡಿ.

5. ಕಾರಿನ ಒಂದೊಂದು ಮೂಲೆಯನ್ನೂ ಜೋರಾಗಿ ಅದುಮಿ ಬಿಡಿ. ಒಂದು ಸಲ ಎದ್ದು ನಿಲ್ಲಬೇಕು. ಎರಡು ಮೂರು ಸಲ ಕುಣಿದರೆ ಶಾಕ್ ಅಬ್ಸಾರ್ಬರ್ ಮುಗಿದಿದೆ. ಕುಣಿಯಲಿಲ್ಲ ಎಂದ ಮಾತ್ರಕ್ಕೆ ಚೆನ್ನಾಗಿದೆ ಎಂದೇನೂ ಅಲ್ಲ.

6. ಹಂಪು, ಗುಂಡಿಗಳಲ್ಲಿ 'ಕಟ್ ಕಟ್' ಸದ್ದು ಬಂದರೆ ಬುಷ್, ಲಿಂಕ್ ರಾಡ್, ಬಾಲ್ ಜಾಯಿಂಟ್ ತೋರಿಸಿ. ಬಾಲ್ ಜಾಯಿಂಟ್ ಕಳಚಿದರೆ ಚಕ್ರವೇ ಮಡಚಿಕೊಳ್ಳುತ್ತದೆ.

ಚಕ್ರ ಬಿಚ್ಚಲೇಬೇಕಾದರೆ ನೆನಪಿಡಿ: ಕಾರಿನ ಜೊತೆ ಬಂದ ಜಾಕ್ ಸ್ಟೆಪ್ನಿ ಬದಲಿಸುವುದಕ್ಕಷ್ಟೇ. ಅದರ ಮೇಲೆ ನಿಂತ ಕಾರಿನ ಕೆಳಗೆ ಕೈಯನ್ನೂ ಹಾಕಬೇಡಿ. ಇಟ್ಟಿಗೆ, ಸೈಜುಗಲ್ಲು, ಹಾಲೋಬ್ಲಾಕು ಆಧಾರವಾಗುವುದಿಲ್ಲ, ಒಮ್ಮೆಗೇ ಒಡೆದುಹೋಗುತ್ತವೆ. ಮಲ್ಲೇಶ್ವರದ ಕ್ರಾಸ್‌ಗಳಂಥ ಇಳಿಜಾರಿನಲ್ಲಂತೂ ಕಾರು ಎತ್ತಲೇಬೇಡಿ.

ಜೆ.ಸಿ. ರಸ್ತೆಗೆ ಹೋಗುವ ಮುನ್ನ

ಟೌನ್ ಹಾಲಿನಿಂದ ಮಿನರ್ವ ವೃತ್ತದವರೆಗಿನ ಜೆ.ಸಿ. ರಸ್ತೆ ಕಾರಿನ ಬಿಡಿಭಾಗಗಳಿಗೆ ಹೆಸರುವಾಸಿ. 2014ರಲ್ಲಿ ತಯಾರಿಕೆ ನಿಂತ ಮಾರುತಿ 800, 2006ರಲ್ಲಿ ನಿಂತ ಹಳೇ ಜೆನ್ ಇಟ್ಟುಕೊಂಡವರು ರವೀಂದ್ರ ಕಲಾಕ್ಷೇತ್ರದ ಆಸುಪಾಸಿನ ಈ ಅಂಗಡಿಗಳನ್ನು ಹುಡುಕಿಕೊಂಡು ಬರುತ್ತಾರೆ. ಅಲ್ಲಿ ಮೊದಲ ಪ್ರಶ್ನೆ, "ಯಾವ ವರ್ಷದ ಗಾಡಿ ಸಾರ್?" ಉತ್ತರ ಗೊತ್ತಿರಲಿ. ಆರ್‌ಸಿಯ ಫೋಟೊ ಮೊಬೈಲಿನಲ್ಲಿರಲಿ. ಒಂದೇ ಹೆಸರಿನ ಕಾರಿನಲ್ಲೂ ವರ್ಷಕ್ಕೆ ತಕ್ಕಂತೆ ಬ್ರೇಕಿನ ಅಳತೆ ಬೇರೆಯಾಗಬಹುದು. ಬಿಚ್ಚಿದ ಹಳೇ ಭಾಗವನ್ನೇ ಒಯ್ದು ಹೋಲಿಸಿ ನೋಡುವುದು ಇನ್ನೂ ಒಳ್ಳೆಯದು.

ತಯಾರಕರ ಹೆಸರು, ವಿಳಾಸ, ಬ್ಯಾಚ್ ಸಂಖ್ಯೆ, ಎಂಆರ್‌ಪಿ ಇಲ್ಲದ ಡಬ್ಬಿ ಬೇಡ. ಬಿಲ್ ಕೇಳಿ ತೆಗೆದುಕೊಳ್ಳಿ. ಪ್ಯಾಡು, ಶೂ, ಶಾಕ್ ಅಬ್ಸಾರ್ಬರ್, ಸ್ಪ್ರಿಂಗು ಯಾವುದೇ ಇರಲಿ, ಎಡ ಬಲ ಎರಡಕ್ಕೂ ಒಟ್ಟಿಗೆ ಬದಲಿಸಿ. ಗುಜರಿಯಿಂದ ಬಾಗಿಲ ಹಿಡಿ, ಕನ್ನಡಿ ತನ್ನಿ, ಅಡ್ಡಿಯಿಲ್ಲ. ಬ್ರೇಕಿನ ಭಾಗ ಬೇಡ.

ಇರುವ ಹಣವನ್ನು ಯಾವುದಕ್ಕೆ ಮೊದಲು ಹಾಕಬೇಕು? ಮೊದಲು ಟೈರು. ಆಮೇಲೆ ಬ್ರೇಕ್ ಆಯಿಲ್, ಹೋಸು, ಸೋರುವ ಸೀಲುಗಳು. ನಂತರ ಕಂಪನಿ ಹೇಳಿದ ದರ್ಜೆಯ ಪ್ಯಾಡು, ಶೂ. ಅದಾದ ಮೇಲೆ ಶಾಕ್ ಅಬ್ಸಾರ್ಬರ್, ಬುಷ್. ಕೊನೆಗೆ ವ್ಹೀಲ್ ಅಲೈನ್‌ಮೆಂಟ್. ಇಷ್ಟು ಮಾಡಿದರೆ ನಿಮ್ಮ ಕಾರು ಶೋರೂಮಿನಿಂದ ಹೊರಬಂದ ದಿನ ಹೇಗೆ ನಿಲ್ಲುತ್ತಿತ್ತೋ ಬಹುಮಟ್ಟಿಗೆ ಹಾಗೆಯೇ ನಿಲ್ಲುತ್ತದೆ. ಹಳೇ ಕಾರಿಗೆ ಬೇಕಿರುವುದು ಅಷ್ಟೇ.

ಕಾನೂನು ಏನು ಹೇಳುತ್ತದೆ?

ಆರ್‌ಸಿಯಲ್ಲಿರುವ ವಿವರಕ್ಕೂ ತಯಾರಕರ ಮೂಲ ವಿನ್ಯಾಸಕ್ಕೂ ಹೊಂದದಂತೆ ವಾಹನ ಮಾರ್ಪಡಿಸುವುದನ್ನು ಮೋಟಾರು ವಾಹನ ಕಾಯ್ದೆ, 1988ರ 52ನೇ ವಿಧಿ ತಡೆಯುತ್ತದೆ. ಕೇರಳದ ಪ್ರಕರಣವೊಂದರಲ್ಲಿ 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಇದನ್ನೇ ಎತ್ತಿಹಿಡಿಯಿತು. ಅದೇ ವರ್ಷದ ತಿದ್ದುಪಡಿಯ ಪ್ರಕಾರ ಅನುಮತಿಯಿಲ್ಲದ ಪ್ರತಿ ಮಾರ್ಪಾಡಿಗೆ 5,000 ರೂಪಾಯಿ ದಂಡ ಅಥವಾ ಆರು ತಿಂಗಳವರೆಗೆ ಜೈಲು, ಅಥವಾ ಎರಡನ್ನೂ ವಿಧಿಸಬಹುದು. ಸವೆದ ಭಾಗವನ್ನು ಅದೇ ಅಳತೆಯ ಹೊಸ ಭಾಗದಿಂದ ಬದಲಿಸುವುದು ಮಾರ್ಪಾಡಲ್ಲ, ದುರಸ್ತಿ. ಅದಕ್ಕೆ ತಕರಾರಿಲ್ಲ.

15 ವರ್ಷ ತುಂಬಿದ ಖಾಸಗಿ ಕಾರಿನ ನೋಂದಣಿ ನವೀಕರಣಕ್ಕೆ ಆರ್‌ಟಿಒದಲ್ಲಿ ಗಾಡಿ ತೋರಿಸಬೇಕು. ನವೀಕರಿಸಿದರೆ ಐದು ವರ್ಷ ಮಾನ್ಯ. ಅಲ್ಲಿ ಬ್ರೇಕೂ ಪರೀಕ್ಷೆಯ ಒಂದು ಭಾಗ. ಮೂಲ ಸ್ಥಿತಿಯಲ್ಲಿರುವ ಗಾಡಿಗೆ ಅಲ್ಲಿ ತೊಂದರೆ ಕಡಿಮೆ.

ಕೊನೆಯದಾಗಿ

ಬಸವನಗುಡಿಯ ಆ ಜೆನ್ ಈಗ ಮತ್ತೆ ಓಡುತ್ತಿದೆ. ಮೆಕ್ಯಾನಿಕ್ ನೋಡಿದಾಗ ಮಗ ಹಾಕಿದ ಪ್ಯಾಡ್ ಸರಿಯಾಗೇ ಕೂತಿತ್ತು. ಬದಲಿಸಬೇಕಾಗಿ ಬಂದದ್ದು ವರ್ಷಗಳಿಂದ ಯಾರೂ ಮುಟ್ಟದ ಬ್ರೇಕ್ ಆಯಿಲ್, ಬಿರುಕು ಬಿಟ್ಟ ಎರಡು ಹೋಸು, ಗಡುಸಾದ ನಾಲ್ಕು ಟೈರು. ವಿಡಿಯೊದಲ್ಲಿ ಈ ಮೂರರ ಸುದ್ದಿಯೇ ಇರಲಿಲ್ಲ.

ಇಂಥ ವಿಡಿಯೊ ನಿಮ್ಮ ಗುಂಪಿಗೂ ಬಂದರೆ, ಅದರ ಕೆಳಗೆ ಇಷ್ಟನ್ನು ಹಾಕಿ:

ಹಳೇ ಕಾರಿನ ಟೈರಿನ ವಯಸ್ಸು ನೋಡಿ. ಬ್ರೇಕ್ ಆಯಿಲ್ ಕೊನೆಯ ಸಲ ಬದಲಿಸಿದ್ದು ಯಾವಾಗ ಎಂದು ಕೇಳಿ. ಸ್ಪ್ರಿಂಗಿಗೆ ರಬ್ಬರ್, ಹಿಂದಿನ ಚಕ್ರಕ್ಕೆ ಗುಜರಿ ಡಿಸ್ಕ್ ಹಾಕಬೇಡಿ. ಬ್ರೇಕಿಗೆ ಎಣ್ಣೆ ತಾಗಿಸಬೇಡಿ. ಜಾಕ್ ಮೇಲಿನ ಕಾರಿನ ಕೆಳಗೆ ಹೋಗಬೇಡಿ. ಬ್ರೇಕಿನ ಕೆಲಸ ಯಾರೇ ಮಾಡಿರಲಿ, ಕಾರು ಕದಲಿಸುವ ಮೊದಲು ಪೆಡಲ್ ಗಟ್ಟಿಯಾಗುವವರೆಗೆ ಒತ್ತಿ ನೋಡಿ.